ಒಳಗಿನವನ ದೂರು: ಗುರುವರ್ಗದ ದೋಷವನ್ನು ಗುರುವರ್ಗದವನೇ ನುಡಿದಾಗ

1

ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದಲ್ಲಿ ಹುಟ್ಟುವ ಗೋದಾವರಿಯು ಪೂರ್ವಾಭಿಮುಖವಾಗಿ ಹರಿದು ಪೈಠಣವನ್ನು ತಲಪುತ್ತದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡನಾಡಿನ ಉತ್ತರದ ಎಲ್ಲೆಯೆಂದು ಹೆಸರಿಸಿರುವುದು ಈ ನದಿಯನ್ನೇ. ಪೈಠಣ, ದೇವಗಿರಿ, ಎಲ್ಲೋರ ಈ ಮೂರೂ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿವೆ. ಎಲ್ಲೋರದ ಕೈಲಾಸ ದೇವಾಲಯವು ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ್ದು. 2023ರಲ್ಲಿ ಹೆಸರು ಬದಲಾಗುವವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ನಗರವು 1977ರಿಂದಲೂ, ನಾಸಿಕವು 1987ರಿಂದಲೂ ಕ್ಯಾಥೊಲಿಕ್ ಧರ್ಮಪ್ರಾಂತ್ಯಗಳ ಕೇಂದ್ರಗಳಾಗಿವೆ. ಹಲವು ಧರ್ಮಗಳ ಗುರುಪೀಠಗಳು ಒಂದೇ ನದಿಯ ದಂಡೆಯಲ್ಲಿ ಬೇರೆ ಬೇರೆ ಕಾಲಗಳಲ್ಲಿ ನೆಲೆಗೊಂಡ ಈ ಪ್ರದೇಶವು, ಪ್ರಸ್ತುತ ಲೇಖನದ ಪ್ರಶ್ನೆಯನ್ನು ಎತ್ತಿಕೊಳ್ಳಲು ತಕ್ಕ ನೆಲೆಯಾಗಿದೆ.

ಪ್ರಶ್ನೆ ಇಷ್ಟು: ತನ್ನ ಜೊತೆಯ ಗುರುಗಳು ನಡೆ ತಪ್ಪಿದ್ದಾರೆಂದು ಕ್ಯಾಥೊಲಿಕ್ ಪಾದ್ರಿಯೊಬ್ಬನು ತನ್ನ ಮೇಲಿನವರಿಗೆ ವರದಿ ಮಾಡಿದಾಗ, ಅವನ ಮಾತನ್ನು ನಾವು ಯಾವ ಬಗೆಯ ಮಾತೆಂದು ಓದಬೇಕು? ಸಭೆಯ ಒಳಗಿನ ಕೆಲವರಿಗೆ ಅವನು ಮನೆಯ ಗುಟ್ಟು ಹೊರಹಾಕಿದ ದ್ರೋಹಿ. ಹೊರಗಿನ ಕೆಲವರಿಗೆ ಅವನು ಧರ್ಮವನ್ನೇ ಧಿಕ್ಕರಿಸಿದ ಬಂಡಾಯಗಾರ. ಎರಡು ತೀರ್ಮಾನಗಳೂ ಅವನ ಮಾತಿನ ಸ್ವರೂಪವನ್ನು ತಪ್ಪಾಗಿ ಗ್ರಹಿಸುತ್ತವೆ. ನಮ್ಮ ಸಾಹಿತ್ಯ ವಿಮರ್ಶೆಯೂ ಈ ತಪ್ಪಿನಿಂದ ಹೊರತಾಗಿಲ್ಲ. ಮಧ್ಯಕಾಲೀನ ಕನ್ನಡ ಕೃತಿಗಳಲ್ಲಿ ಗುರು, ಜಂಗಮ, ಪುರೋಹಿತರ ಮೇಲಿನ ಟೀಕೆಯು ಕಂಡಲ್ಲೆಲ್ಲ ಅದನ್ನು 'ವಿಡಂಬನೆ' ಅಥವಾ 'ಪ್ರತಿಭಟನೆ' ಎಂಬ ಎರಡು ಶೀರ್ಷಿಕೆಗಳಡಿ ಸೇರಿಸುವುದು ರೂಢಿಯಾಗಿದೆ. ಬಹುಕಾಲ ತರಗತಿಯಲ್ಲಿ ನಾನೂ ಹಾಗೆಯೇ ಬೋಧಿಸಿದ್ದೇನೆ. ಈ ಎರಡರಿಂದಲೂ ಭಿನ್ನವಾದ, 'ದೂರು' ಎಂಬ ಮೂರನೆಯ ಪ್ರಕಾರವೊಂದಿದೆ ಎಂಬುದನ್ನು ಇಲ್ಲಿ ಪ್ರತಿಪಾದಿಸಲಾಗಿದೆ.

ದೂರಿನ ಲಕ್ಷಣಗಳನ್ನು ಸ್ಥೂಲವಾಗಿ ಮೂರಾಗಿ ಗುರುತಿಸಬಹುದು. ಮೊದಲನೆಯದು, ನುಡಿಯುವವನು ಆರೋಪಕ್ಕೊಳಗಾದವರ ದೀಕ್ಷೆಯನ್ನೇ ಪಡೆದಿರುತ್ತಾನೆ, ಇಲ್ಲವೆ ಅವರ ವ್ರತವನ್ನೇ ಹೊತ್ತಿರುತ್ತಾನೆ. ಎರಡನೆಯದು, ಅವನು ಬಳಸುವ ಅಳತೆಗೋಲು ಹೊರಗಿನಿಂದ ತಂದದ್ದಲ್ಲ; ಆ ವರ್ಗವೇ ಒಪ್ಪಿಕೊಂಡ ಕಟ್ಟಳೆ ಅದು. ಮೂರನೆಯದು, ಆ ಮಾತಿಗೆ ಒಬ್ಬ ನಿರ್ದಿಷ್ಟ ಕೇಳುಗನಿರುತ್ತಾನೆ, ಮತ್ತು ಆ ಕೇಳುಗನಿಂದ ಉತ್ತರವನ್ನು ನಿರೀಕ್ಷಿಸಲಾಗುತ್ತದೆ. ವಿಡಂಬನೆಗೆ ನಗುವ ಸಭೆಯಿದ್ದರೆ ಸಾಕು. ದೂರಿಗೆ ವಿಚಾರಿಸುವ ಅಧಿಕಾರವುಳ್ಳವನು ಬೇಕು.

2

ಈ ಭೇದವನ್ನು ಸ್ಪಷ್ಟಪಡಿಸಿಕೊಳ್ಳಲು ಮೊದಲು ಒಂದು ಪ್ರತ್ಯುದಾಹರಣೆಯನ್ನು ಗಮನಿಸಬಹುದು. ಹನ್ನೆರಡನೆಯ ಶತಮಾನದ ಜೈನಕವಿ ಬ್ರಹ್ಮಶಿವನ 'ಸಮಯಪರೀಕ್ಷೆ'ಯು ಅನ್ಯಮತಗಳ ದೇವರು, ಗುರು, ಆಚಾರಗಳನ್ನು ಕಟುವಾಗಿ ಪರೀಕ್ಷಿಸುವ ಕೃತಿ. ಕವಿಯು ತಾನು ಒಮ್ಮೆ ಶೈವದತ್ತ ಹೋಗಿ ಮರಳಿ ಬಂದವನಾದುದರಿಂದ ಅವನಿಗೆ ಒಳಗಿನ ಪರಿಚಯವಿದೆ. ಆದರೂ ಇದು ದೂರಲ್ಲ. ಅವನು ಪರೀಕ್ಷಿಸುವ ಗುರುಗಳು ತಿದ್ದಿಕೊಳ್ಳಲೆಂಬ ಅಪೇಕ್ಷೆ ಕೃತಿಯಲ್ಲಿಲ್ಲ. ಓದುಗನು ಅವರನ್ನು ಬಿಟ್ಟು ಜಿನಮಾರ್ಗಕ್ಕೆ ಬರಲೆಂಬುದೇ ಅದರ ಉದ್ದೇಶ. ಒಳಗಿನ ತಿಳಿವಳಿಕೆಯೊಂದೇ ದೂರಿಗೆ ಸಾಲದು, ಒಳಗೆ ಉಳಿಯುವ ನಿರ್ಧಾರವೂ ಬೇಕಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇದಕ್ಕೆ ಎದುರಾಗಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮರ ಪ್ರಸಂಗವನ್ನು ಇರಿಸಿ ನೋಡಬೇಕು. ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಿರುಗಿಸುತ್ತಾಳೆ. ಅವಳು ಶರಣಧರ್ಮವನ್ನು ಪ್ರಶ್ನಿಸುತ್ತಿಲ್ಲ. ಗಂಡನು ಒಪ್ಪಿಕೊಂಡ ಕಾಯಕದ ಕಟ್ಟಳೆಯನ್ನು ಅವನಿಗೇ ನೆನಪಿಸುತ್ತಿದ್ದಾಳೆ. ತಪ್ಪು ಚಿಕ್ಕದು, ಅದರಿಂದ ಯಾರ ಹೊಟ್ಟೆಯೂ ಬರಿದಾಗಲಿಲ್ಲ. ಆದರೂ ಲೆಕ್ಕ ತಪ್ಪಿದೆ. ದೂರು ಸಮೀಪದವರಿಂದಲೇ ಹೊರಟು ಸಮೀಪದವರನ್ನೇ ಮುಟ್ಟಿ, ಅಂದೇ ತೀರ್ಮಾನವಾದ ಅಪೂರ್ವ ನಿದರ್ಶನವಿದು.

ಆದರೆ ಎಲ್ಲ ವಚನಗಳಿಗೂ ಈ ಭಾಗ್ಯವಿಲ್ಲ. ಅಂಬಿಗರ ಚೌಡಯ್ಯನು ವೇಷಧಾರಿ ಗುರು-ಜಂಗಮರನ್ನು ಕುರಿತು ಆಡುವ ಮಾತುಗಳು ವಚನ ಸಾಹಿತ್ಯದಲ್ಲಿಯೇ ಅತ್ಯಂತ ಬಿರುಸಾದವು. ವಚನದ ರಚನೆಯಲ್ಲಿ ಅಂಕಿತಕ್ಕೆ ಒಂದು ವಿಶೇಷ ಕಾರ್ಯವಿದೆ. ಬಹುಪಾಲು ವಚನಕಾರರಲ್ಲಿ ಅದು ಇಷ್ಟದೈವದ ಹೆಸರು. ಮಾತೆಲ್ಲವೂ ಕೊನೆಗೆ ಆ ದೈವಕ್ಕೆ ಒಪ್ಪಿಸಲ್ಪಡುತ್ತದೆ. ಚೌಡಯ್ಯನಾದರೋ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡಿದ್ದಾನೆ. ಇದನ್ನು ಅಹಂಕಾರವೆಂದೋ ಆತ್ಮವಿಶ್ವಾಸವೆಂದೋ ವ್ಯಾಖ್ಯಾನಿಸಿದವರಿದ್ದಾರೆ. ನನ್ನ ಎಣಿಕೆಯಲ್ಲಿ ಇದನ್ನು ದೂರಿನ ಕೆಳಗಿನ ರುಜುವಾಗಿ ಓದುವುದು ಹೆಚ್ಚು ಉಚಿತ. ಯಾರು ಹೇಳಿದರು ಎಂದು ನಾಳೆ ಕೇಳಿದರೆ, ಅಂಬಿಗ ಚೌಡಯ್ಯ ಹೇಳಿದನೆಂದು ಮಾತೇ ಸಾಕ್ಷಿ ನುಡಿಯುತ್ತದೆ. ದೈವದ ಹೆಸರಿಗೆ ಒಪ್ಪಿಸಿದ ದೂರಿನಲ್ಲಿ ನುಡಿದವನಿಗೆ ಒಂದು ಮರೆಯಿದೆ. ಸ್ವಂತ ಹೆಸರಿನ ದೂರಿನಲ್ಲಿ ಆ ಮರೆಯಿಲ್ಲ.

3

ಈಗ ಗೋದಾವರಿ ತೀರಕ್ಕೆ ಬರಬಹುದು. ಮಧ್ಯಕಾಲದಲ್ಲಿ ಪೈಠಣವು ಧರ್ಮಶಾಸ್ತ್ರದ ನಿರ್ಣಯ ನೀಡುವ ವಿದ್ವತ್ಸಭೆಯ ಊರು. ಸಂನ್ಯಾಸದಿಂದ ಗೃಹಸ್ಥಾಶ್ರಮಕ್ಕೆ ಮರಳಿದವನ ಮಕ್ಕಳೆಂಬ ಕಾರಣಕ್ಕೆ ಬಹಿಷ್ಕೃತರಾದ ನಿವೃತ್ತಿನಾಥ, ಜ್ಞಾನದೇವ ಮತ್ತು ಅವರ ಒಡಹುಟ್ಟಿದವರು ಶುದ್ಧಿಪತ್ರವನ್ನು ಬೇಡಿ ಬಂದದ್ದು ಇದೇ ಪೈಠಣಕ್ಕೆ ಎಂದು ಸಂಪ್ರದಾಯವು ಹೇಳುತ್ತದೆ. ನಿವೃತ್ತಿನಾಥನ ಸಮಾಧಿ ತ್ರ್ಯಂಬಕೇಶ್ವರದಲ್ಲಿದೆ. ಗುರುವರ್ಗವು ಇತರರ ನಡತೆಯನ್ನು ವಿಚಾರಿಸುವ ಅಧಿಕಾರವನ್ನು ಹೊಂದಿದ್ದ ಆ ಊರಿನಲ್ಲಿ, ಗುರುವರ್ಗದ ನಡತೆಯನ್ನು ವಿಚಾರಿಸುವವರು ಯಾರು ಎಂಬ ಪ್ರಶ್ನೆಯು ಹದಿನಾರನೆಯ ಶತಮಾನದಲ್ಲಿ ಏಕನಾಥನ ಮೂಲಕ ಎದ್ದಿತು.

ಏಕನಾಥನು (1533-1599) ಪೈಠಣದ ಬ್ರಾಹ್ಮಣ ಮನೆತನದವನು. ವಿಜಯನಗರದಿಂದ ವಿಠ್ಠಲಮೂರ್ತಿಯನ್ನು ಪಂಢರಪುರಕ್ಕೆ ಮರಳಿ ತಂದನೆಂದು ಐತಿಹ್ಯವಿರುವ ಭಾನುದಾಸನು ಅವನ ಮುತ್ತಾತ. ಗುರು ಜನಾರ್ದನಸ್ವಾಮಿಯು ದೇವಗಿರಿ ಕೋಟೆಯಲ್ಲಿ ಅಧಿಕಾರಿಯಾಗಿದ್ದವನು. ಶಿಷ್ಯನಾದ ಏಕನಾಥನು ಅಲ್ಲಿ ಲೆಕ್ಕ ಬರೆಯುತ್ತಿದ್ದಾಗ ಒಂದು ಕಾಸಿನ ವ್ಯತ್ಯಾಸಕ್ಕಾಗಿ ರಾತ್ರಿಯಿಡೀ ಕುಳಿತು ಹುಡುಕಿದನೆಂಬ ಕಥೆಯು ಮಹಾರಾಷ್ಟ್ರದಲ್ಲಿ ಮನೆಮಾತಾಗಿದೆ. ಕಥೆಯ ಐತಿಹಾಸಿಕತೆ ಹೇಗೇ ಇರಲಿ, ಲಕ್ಕಮ್ಮನ ಹಿಡಿ ಅಕ್ಕಿಗೂ ಏಕನಾಥನ ಒಂದು ಕಾಸಿಗೂ ಇರುವ ಸಾದೃಶ್ಯವು ಆಕಸ್ಮಿಕವೆಂದು ತೋರುವುದಿಲ್ಲ. ಎರಡು ಭಾಷೆಗಳ ಭಕ್ತಿ ಪರಂಪರೆಗಳೂ ನೈತಿಕ ದೋಷವನ್ನು ಲೆಕ್ಕದ ದೋಷವಾಗಿ ಕಲ್ಪಿಸಿಕೊಂಡಿವೆ.

ಏಕನಾಥನ ಭಾರುಡಗಳಲ್ಲಿ ಜೋಶಿ, ಜೋಗಿ, ಗೊಂದಲಿಗ, ವಾಸುದೇವ, ಮಹಾರ ಮುಂತಾದ ಪಾತ್ರಗಳು ಬಂದು ಮಾತನಾಡುತ್ತವೆ. ಹುಸಿ ವಿರಕ್ತರ, ಧನಲೋಭಿ ಗುರುಗಳ ಬಣ್ಣ ಈ ಪಾತ್ರಗಳ ಬಾಯಲ್ಲಿ ಬಯಲಾಗುತ್ತದೆ. ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದವು ಅವನ 'ಅರ್ಜದಾಸ್ತ'ದಂತಹ ರಚನೆಗಳು. ದರ್ಬಾರಿಗೆ ಬರೆಯುವ ಅರ್ಜಿ, ತಾಕೀತು, ಕೌಲುಗಳ ನಮೂನೆಯನ್ನೇ ತೆಗೆದುಕೊಂಡು ಅವನು ಅವುಗಳಲ್ಲಿ ಪರಮಾರ್ಥವನ್ನು ತುಂಬಿದನು. ಕಚೇರಿಯ ಕಾಗದವು ಕಾವ್ಯವಾದ ಈ ಪ್ರಕ್ರಿಯೆಯನ್ನು ವಿಮರ್ಶಕರು ಸಾಮಾನ್ಯವಾಗಿ ರೂಪಕದ ಚಮತ್ಕಾರವೆಂದು ಮೆಚ್ಚುತ್ತಾರೆ. ಆದರೆ ಇದರಲ್ಲಿ ಒಂದು ನಷ್ಟವೂ ಇದೆ. ಅರ್ಜಿಯು ರೂಪಕವಾದೊಡನೆ ಅದಕ್ಕೆ ಉತ್ತರಿಸಬೇಕಾದ ಅಧಿಕಾರಿ ಇಲ್ಲವಾಗುತ್ತಾನೆ. ಪೈಠಣದ ಸಭೆಯು ಭಾರುಡವನ್ನು ಕೇಳಿ ತಲೆದೂಗಬಹುದು. ವಿಚಾರಣೆ ನಡೆಸಬೇಕಾದ ಹೊಣೆ ಅದಕ್ಕೆ ಬರುವುದಿಲ್ಲ.

ಇನ್ನೊಂದು ತೊಡಕು ಪಾತ್ರಧಾರಣೆಯದು. 'ಜೋಹಾರ'ದ ಪದಗಳಲ್ಲಿ ಬ್ರಾಹ್ಮಣ ಕವಿಯು ಮಹಾರನ ದನಿಯಲ್ಲಿ ನುಡಿಯುತ್ತಾನೆ. ಮಹಾರನಿಗೆ ದೊರಕದ ಮಾತಿನ ಅವಕಾಶವನ್ನು ಅವನ ಪರವಾಗಿ ಬಳಸಿದ ಧೈರ್ಯ ಅದರಲ್ಲಿದೆ. ಅಸ್ಪೃಶ್ಯರಿಗೆ ಶ್ರಾದ್ಧದ ಅನ್ನವನ್ನು ಬಡಿಸಿ ತನ್ನವರ ಬಹಿಷ್ಕಾರವನ್ನು ಎದುರಿಸಿದನೆಂಬ ಐತಿಹ್ಯವು ಆ ಧೈರ್ಯವನ್ನು ಪುಷ್ಟೀಕರಿಸುತ್ತದೆ. ಆದರೆ ನೊಂದವನ ದನಿಯನ್ನು ಎರವಲು ಪಡೆದಾಗ ನೊಂದವನು ಸಾಕ್ಷಿಯಾಗಿ ಉಳಿಯುವನೇ, ಅಥವಾ ಉಪದೇಶದ ವಾಹಕ ಮಾತ್ರನಾಗುವನೇ ಎಂಬುದು ಇತ್ಯರ್ಥವಾಗದ ಪ್ರಶ್ನೆ. ಈ ಲೇಖನದ ಕೊನೆಯಲ್ಲಿ ಅದಕ್ಕೆ ಮರಳಬೇಕಾಗಿದೆ.

ಮೈಸೂರು, ಮಂಡ್ಯ, ಚಾಮರಾಜನಗರ ಪ್ರದೇಶದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವು ಈ ಪ್ರಶ್ನೆಗೆ ಬೇರೆಯದೇ ಉತ್ತರವನ್ನು ಕಂಡುಕೊಂಡಿದೆ. ಅಲ್ಲಿ ಕಲ್ಯಾಣದ ಬಸವಣ್ಣನ ಮನೆಯಲ್ಲಿ ನಿತ್ಯ ಉಣ್ಣುವ ಜಂಗಮರ ಸಂಖ್ಯೆ 1,96,000. ಹೇಸಿಕೆ ಬರುವ ರೂಪದಲ್ಲಿ ಬಾಗಿಲಿಗೆ ಬಂದ ಮಂಟೇಸ್ವಾಮಿಯನ್ನು ಅವರು ಗುರುವೆಂದು ಗುರುತಿಸುವುದಿಲ್ಲ; ಪರೀಕ್ಷೆಯಲ್ಲಿ ಅವರ ಜಂಗಮತ್ವ ಟೊಳ್ಳೆಂದು ಬಯಲಾಗುತ್ತದೆ. ಇಲ್ಲಿ ಅವಮಾನಿತನಾದವನೇ ದೂರುದಾರ, ಅವನೇ ನಿಜವಾದ ಗುರು, ತೀರ್ಪುಗಾರನೂ ಅವನೇ. ನಾನು ಇದನ್ನು ಬಂಡಾಯದ ಕಾವ್ಯವೆಂದು ಬೋಧಿಸುತ್ತಿದ್ದಾಗ ಒಂದು ಸಂಗತಿಯನ್ನು ಕಡೆಗಣಿಸಿದ್ದೆ: ಮಂಟೇಸ್ವಾಮಿಯು ಕಲ್ಯಾಣವನ್ನು ಕೆಡವಲು ಬಂದವನಲ್ಲ, ಕಲ್ಯಾಣವು ತಾನು ಹೇಳಿಕೊಂಡಂತೆ ಇದೆಯೇ ಎಂದು ನೋಡಲು ಬಂದವನು. ಬಸವಣ್ಣನಿಗೆ ಅಲ್ಲಿ ಗೌರವದ ಸ್ಥಾನ ಉಳಿದಿರುವುದೇ ಇದಕ್ಕೆ ಪ್ರಮಾಣ.

4

ಕ್ಯಾಥೊಲಿಕ್ ಪರಂಪರೆಯಲ್ಲಿ ದೂರು ಬರಹದ ರೂಪ ತಳೆದ ಒಂದು ನಿದರ್ಶನ ಹನ್ನೊಂದನೆಯ ಶತಮಾನದ್ದು. ಇಟಲಿಯ ಫೊಂಟೆ ಅವೆಲ್ಲಾನ ಆಶ್ರಮದ ಮುಖ್ಯಸ್ಥ ಪೀಟರ್ ಡೇಮಿಯನ್ ಸುಮಾರು 1049ರಲ್ಲಿ ಪೋಪ್ ಒಂಬತ್ತನೆಯ ಲಿಯೋಗೆ ಬರೆದ ದೀರ್ಘ ಪತ್ರವು 'ಲಿಬೆರ್ ಗೊಮೊರಿಯಾನುಸ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಗುರುವರ್ಗದಲ್ಲಿ ಹಬ್ಬಿದ ಲೈಂಗಿಕ ದುರಾಚಾರವೇ ಅದರ ವಸ್ತು. ಮೇಲೆ ಹೇಳಿದ ಮೂರೂ ಲಕ್ಷಣಗಳು ಇಲ್ಲಿ ಸಂಪೂರ್ಣವಾಗಿವೆ: ಬರೆದವನು ಸಂನ್ಯಾಸಿ ಮತ್ತು ಗುರು, ಅಳತೆಗೋಲು ಸಭೆಯ ಪ್ರಾಚೀನ ಕಟ್ಟಳೆಗಳು, ಕೇಳುಗನು ಸಾಕ್ಷಾತ್ ಪೋಪ್.

ಕೃತಿಯ ಎರಡು ಅಂಶಗಳು ನಮಗೆ ಮುಖ್ಯವಾದವು. ತಪ್ಪಿನಲ್ಲಿ ಜೊತೆಯಾದವರೇ ಪರಸ್ಪರ ಪಾಪನಿವೇದನೆ ಮಾಡಿಕೊಂಡು ಕ್ಷಮೆ ಪಡೆಯುತ್ತಿದ್ದಾರೆಂಬುದು ಡೇಮಿಯನ್ನನ ಅತ್ಯಂತ ತೀಕ್ಷ್ಣವಾದ ಆಕ್ಷೇಪ. ದೋಷಕ್ಕಿಂತ ದೋಷವನ್ನು ಕೇಳಬೇಕಾದ ಕಿವಿಯೇ ಕೆಟ್ಟಿರುವುದು ಅವನನ್ನು ಹೆಚ್ಚು ಬಾಧಿಸಿದೆ. ಇಂದಿನ ಸಭಾ ಕಾನೂನಿನ 977ನೆಯ ವಿಧಿಯು ಇಂತಹ ಪಾಪದ ಸಹಭಾಗಿಯೇ ನೀಡುವ ಕ್ಷಮೆಯನ್ನು, ಮರಣಾಪಾಯದ ಸಂದರ್ಭವನ್ನು ಬಿಟ್ಟು, ಅಸಿಂಧುವೆಂದು ಸಾರುತ್ತದೆ. ಎರಡನೆಯದು, ತನ್ನನ್ನು ಚಾಡಿಕೋರನೆಂದು ಕರೆಯುವವರಿಗೆ ಅವನು ಕೊಡುವ ಉತ್ತರ. ಅಣ್ಣಂದಿರ ಕೆಟ್ಟ ನಡತೆಯನ್ನು ತಂದೆಗೆ ತಿಳಿಸಿ ಬಾವಿಗೆ ನೂಕಿಸಿಕೊಂಡ ಯೋಸೇಫ ಒಂದು ಕಡೆ. ಪುರೋಹಿತರಾಗಿದ್ದ ತನ್ನ ಮಕ್ಕಳ ಕೇಡನ್ನು ಕಂಡೂ ತಡೆಯದೆ ಶಿಕ್ಷೆಗೊಳಗಾದ ಏಲಿ ಇನ್ನೊಂದು ಕಡೆ. ತನಗೆ ಮೊದಲನೆಯವನ ಗತಿಯೇ ಮೇಲೆಂದು ಅವನು ಹೇಳುತ್ತಾನೆ. ದೂರುದಾರನ ನೀತಿಶಾಸ್ತ್ರವನ್ನು ಇಷ್ಟು ಸಂಕ್ಷಿಪ್ತವಾಗಿ ನಿರೂಪಿಸಿದ ಮಧ್ಯಕಾಲೀನ ಬರಹಗಳು ವಿರಳ.

ಲಿಯೋ ಉತ್ತರಿಸಿದನು ಎಂಬುದು ಗಮನಾರ್ಹ. ಡೇಮಿಯನ್ನನ ಕಾಳಜಿಯನ್ನು ಹೊಗಳಿದ ಪೋಪ್, ಶಿಕ್ಷೆಯ ವಿಷಯದಲ್ಲಿ ಮಾತ್ರ ಮೆದುವಾದ ನಿಲುವನ್ನು ತಳೆದು, ಎಲ್ಲರನ್ನೂ ಪದಚ್ಯುತಗೊಳಿಸಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ. ದೂರುದಾರನಿಗೆ ಶ್ಲಾಘನೆ, ದೂರಿಗೆ ಅರ್ಧ ಸ್ವೀಕೃತಿ ಎಂಬ ಮಾದರಿಯು ಅಂದೇ ಸಿದ್ಧವಾಯಿತು.

ಆದರೆ ಡೇಮಿಯನ್ನನನ್ನು ನಿಃಶರತವಾಗಿ ಮೆಚ್ಚುವುದು ಸಾಧ್ಯವಿಲ್ಲ. ವಯಸ್ಕರ ನಡುವಿನ ಸಮ್ಮತ ಸಂಬಂಧವನ್ನೂ ಬಾಲಕರ ಮೇಲಿನ ದೌರ್ಜನ್ಯವನ್ನೂ ಅವನು ಒಂದೇ ಪಾಪದ ಬಗೆಗಳಾಗಿ ಎಣಿಸುತ್ತಾನೆ. ಬಲಿಪೀಠದ ಶುದ್ಧಿಗೆ ತಟ್ಟಿದ ಕಳಂಕ ಅವನ ಚಿಂತೆಯ ಕೇಂದ್ರ. ಬಾಲಕನು ಕೃತಿಯಲ್ಲಿ ಬರುವುದು ಶಿಕ್ಷೆಯ ಪ್ರಮಾಣವನ್ನು ನಿಶ್ಚಯಿಸುವ ಸಂದರ್ಭದಲ್ಲಿ. ಅವನಿಗೆ ಏನಾಯಿತು ಎಂಬ ವಿಚಾರಣೆ ಅಲ್ಲಿಲ್ಲ.

5

ಆಧುನಿಕ ಕಾಲದ ಸಂಗತಿಗಳನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಿದರೆ ಮಧ್ಯಕಾಲದ ವಿನ್ಯಾಸವು ಮತ್ತೆ ಕಾಣಿಸುತ್ತದೆ. ವಾಷಿಂಗ್ಟನ್ನಿನ ಪೋಪ್ ರಾಯಭಾರ ಕಚೇರಿಯಲ್ಲಿ ಸಭಾ ಕಾನೂನಿನ ತಜ್ಞನಾಗಿದ್ದ ಡೊಮಿನಿಕನ್ ಗುರು ಥಾಮಸ್ ಡಾಯ್ಲ್, 1985ರಲ್ಲಿ ಇನ್ನಿಬ್ಬರೊಡನೆ ಸೇರಿ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಅಮೆರಿಕದ ಧರ್ಮಾಧ್ಯಕ್ಷರಿಗೆ ವರದಿಯೊಂದನ್ನು ಸಿದ್ಧಪಡಿಸಿದರು. ಧರ್ಮಾಧ್ಯಕ್ಷರ ಮಂಡಳಿ ಅದನ್ನು ಅಂಗೀಕರಿಸಲಿಲ್ಲ. ಡಾಯ್ಲ್ ಅವರ ಹುದ್ದೆ ಹೋಯಿತು. 2002ರಲ್ಲಿ ಬಾಸ್ಟನ್ನಿನ ಪ್ರಕರಣಗಳು ಪತ್ರಿಕೆಯ ಮೂಲಕ ಹೊರಬಂದ ಮೇಲೆ ಆ ವರದಿಯ ಮಹತ್ವವು ಲೋಕಕ್ಕೆ ತಿಳಿಯಿತು.

ಕರ್ನಾಟಕದಲ್ಲಿ, 2019ರಲ್ಲಿ ಮೈಸೂರು ಧರ್ಮಪ್ರಾಂತ್ಯದ 37 ಗುರುಗಳು ತಮ್ಮ ಧರ್ಮಾಧ್ಯಕ್ಷ ಕೆ. ಎ. ವಿಲಿಯಂ ಅವರ ಮೇಲೆ ಆರ್ಥಿಕ ಹಾಗೂ ನೈತಿಕ ಸ್ವರೂಪದ ಆರೋಪಗಳನ್ನು ಹೊರಿಸಿ, ಅವರನ್ನು ತೆಗೆಯಬೇಕೆಂದು ಪೋಪ್ ಫ್ರಾನ್ಸಿಸ್ ಅವರಿಗೆ ಪತ್ರ ಬರೆದರು. ಧರ್ಮಾಧ್ಯಕ್ಷರು ಆರೋಪಗಳನ್ನು ಅಲ್ಲಗಳೆದರು. 2023ರ ಜನವರಿಯಲ್ಲಿ ಅವರು ಆಡಳಿತದಿಂದ ಹಿಂದೆ ಸರಿದು, ಬೆಂಗಳೂರಿನ ನಿವೃತ್ತ ಮಹಾಧರ್ಮಾಧ್ಯಕ್ಷ ಬರ್ನಾರ್ಡ್ ಮೊರಾಸ್ ಅವರು ಪ್ರಾಂತ್ಯದ ಆಡಳಿತಾಧಿಕಾರಿಯಾಗಿ ನೇಮಕಗೊಂಡರು. ಆರೋಪಗಳ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ಸಾಹಿತ್ಯ ವಿಮರ್ಶೆಯ ಕೆಲಸವಲ್ಲ. ಆದರೆ ಪತ್ರದ ಮಾರ್ಗವು ನಮ್ಮ ಗಮನಕ್ಕೆ ತಕ್ಕದ್ದು. ಆರೋಪವು ಧರ್ಮಾಧ್ಯಕ್ಷನ ಮೇಲೆಯೇ ಇರುವಾಗ ದೂರಿಗೆ ಸ್ಥಳೀಯವಾಗಿ ಕಿವಿಯಿಲ್ಲ. ಡೇಮಿಯನ್ನನಂತೆ ಅದು ರೋಮಿಗೆ ಹೋಗಬೇಕು. ಒಬ್ಬನ ರುಜುವಿನ ಬದಲು 37 ರುಜುಗಳಿರುವುದು, ಒಬ್ಬನನ್ನೇ ಪ್ರತ್ಯೇಕಿಸಿ ಬಾವಿಗೆ ನೂಕುವುದನ್ನು ಕಷ್ಟಗೊಳಿಸುತ್ತದೆ. ಚೌಡಯ್ಯನ ಅಂಕಿತವು ಇಲ್ಲಿ ಬಹುವಚನವಾಗಿದೆ.

ಅದೇ ವರ್ಷದ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಎಂಬ ಶಾಸನವು ಗುರುಗಳಿಗೂ ಸಂನ್ಯಾಸಿ-ಸಂನ್ಯಾಸಿನಿಯರಿಗೂ ಲೈಂಗಿಕ ದೌರ್ಜನ್ಯವನ್ನು ವರದಿ ಮಾಡುವುದನ್ನು ಕರ್ತವ್ಯವಾಗಿ ವಿಧಿಸಿತು. ವರದಿ ಮಾಡಿದವರ ಮೇಲೆ ಪ್ರತೀಕಾರ ಕೂಡದೆಂದೂ, ವರದಿಯ ವಿಷಯದಲ್ಲಿ ಅವರ ಮೇಲೆ ಮೌನವನ್ನು ಹೇರಕೂಡದೆಂದೂ ಹೇಳಿತು. 2023ರಲ್ಲಿ ಅದು ಪರಿಷ್ಕೃತವಾಗಿ ಸ್ಥಾಯಿಯಾಯಿತು. ಭಾರತದ 2012ರ ಪೋಕ್ಸೋ ಕಾಯಿದೆಯ 19ನೆಯ ಕಲಮು ಮಕ್ಕಳ ವಿಷಯದಲ್ಲಿ ಇದೇ ಕರ್ತವ್ಯವನ್ನು ಪ್ರತಿಯೊಬ್ಬ ವ್ಯಕ್ತಿಯ ಮೇಲೂ ಹೊರಿಸಿದೆ. ಅಲ್ಲಿ ಕೇಳುಗನು ಪೊಲೀಸು. ಯೋಸೇಫನ ಆಯ್ಕೆಯಾಗಿದ್ದದ್ದು ಹೀಗೆ ಕಟ್ಟಳೆಯಾಗಿ ಮಾರ್ಪಟ್ಟಿದೆ. ಕಟ್ಟಳೆಯಾದ ಮಾತ್ರಕ್ಕೆ ಬಾವಿಯು ಮುಚ್ಚಿತೆಂದು ಹೇಳಲಾಗದು. ವರದಿ ಮಾಡುವ ಗುರುವಿನ ವಸತಿ, ವರ್ಗಾವಣೆ, ಬಲಿಪೂಜೆ ಅರ್ಪಿಸುವ ಅನುಮತಿ ಎಲ್ಲವೂ ಅವನ ಧರ್ಮಾಧ್ಯಕ್ಷನ ಅಧೀನದಲ್ಲಿರುತ್ತವೆ. ವಿಧೇಯತೆಯ ಪ್ರತಿಜ್ಞೆಯನ್ನು ಅವನು ಯಾರ ಕೈಯಲ್ಲಿ ಮಾಡಿದ್ದಾನೋ, ಅವರ ಕಚೇರಿಯಿಂದಲೇ ವಿಚಾರಣೆ ಆರಂಭವಾಗಬೇಕಾಗುತ್ತದೆ.

ದೂರಿಗೆ ಉತ್ತರ ಸಿಗದಾಗ ಅದು ಆತ್ಮಕಥೆಯಾಗುತ್ತದೆ ಎಂಬುದನ್ನು ನೆರೆಯ ಕೇರಳದ ಎರಡು ಕೃತಿಗಳು ತೋರಿಸುತ್ತವೆ: ಸಿಸ್ಟರ್ ಜೆಸ್ಮಿ ಅವರ 'ಆಮೆನ್' ಮತ್ತು ಸಿಸ್ಟರ್ ಲೂಸಿ ಕಳಪ್ಪುರ ಅವರ 'ಕರ್ತಾವಿಂಡೆ ನಾಮತ್ತಿಲ್' (2019). ಜೆಸ್ಮಿ ಅವರು ಸಂನ್ಯಾಸ ಸಂಘವನ್ನು ಬಿಟ್ಟ ಮೇಲೆ ಬರೆದರು. ಲೂಸಿ ಅವರು ಸಂಘವು ತಮ್ಮನ್ನು ಹೊರಹಾಕಿದ ಮೇಲೂ ತಾವು ಸಂನ್ಯಾಸಿನಿಯೇ ಎಂದು ಪಟ್ಟು ಹಿಡಿದರು. ನಮ್ಮ ವರ್ಗೀಕರಣದಲ್ಲಿ ಎರಡನೆಯದು ದೂರಿಗೆ ಹೆಚ್ಚು ಸಮೀಪವಾಗಿದೆ. ಕೇಳುಗನು ಮಾತ್ರ ಬದಲಾಗಿದ್ದಾನೆ: ಧರ್ಮಾಧ್ಯಕ್ಷನ ಸ್ಥಾನದಲ್ಲಿ ಪುಸ್ತಕ ಕೊಳ್ಳುವ ಓದುಗನಿದ್ದಾನೆ.

6

ಈ ವಿವೇಚನೆಯಿಂದ ಒಂದೆರಡು ನಿಲುವುಗಳಿಗೆ ಬರಬಹುದು. ದೂರು ಎಂಬುದು ಅವಿಶ್ವಾಸದ ಮಾತಲ್ಲ. ಸಂಸ್ಥೆಯು ತನ್ನ ಮಾತಿಗೆ ನಿಲ್ಲುವುದೆಂದು ಇನ್ನೂ ನಂಬಿರುವವನೇ ಅದನ್ನು ಬರೆಯಬಲ್ಲ. ಅದನ್ನು ವಿಡಂಬನೆಯೆಂದು ಓದಿದಾಗ ಅದರ ನಂಬಿಕೆಯನ್ನು ಕಳೆಯುತ್ತೇವೆ. ಬಂಡಾಯವೆಂದು ಓದಿದಾಗ, ಉತ್ತರಿಸಬೇಕಾದವನನ್ನು ಹೊಣೆಯಿಂದ ಬಿಡಿಸುತ್ತೇವೆ. ಬಂಡಾಯಗಾರನಿಗೆ ಸಂಸ್ಥೆಯು ಉತ್ತರಿಸಬೇಕಾಗಿಲ್ಲ, ಹೊರಹಾಕಿದರೆ ಸಾಕು. ದೂರುದಾರನಿಗೆ ಉತ್ತರಿಸಲೇಬೇಕು.

ಅದೇ ಸಮಯದಲ್ಲಿ ಈ ಪ್ರಕಾರಕ್ಕಿರುವ ಮಿತಿಯನ್ನೂ ಒಪ್ಪಬೇಕು. ಡೇಮಿಯನ್ನನ ಪತ್ರದಲ್ಲಿ ಬಾಲಕನಿಗೆ ಮಾತಿಲ್ಲ. ಜೋಹಾರದ ಮಹಾರನಿಗೆ ಇರುವುದು ಎರವಲು ಮಾತು. ಒಳಗಿನವನು ದೂರು ಕೊಡುವಾಗ ಸಂಸ್ಥೆಯ ಶುದ್ಧಿಯ ಬಗ್ಗೆ ಚಿಂತಿಸುವುದು ಸಹಜ, ಆದರೆ ಆ ಚಿಂತೆಯ ನಡುವೆ ನೊಂದವರು ಸಂಸ್ಥೆಯ ಕಲೆಯ ಗುರುತುಗಳಾಗಿ ಮಾತ್ರ ಉಳಿಯುವ ಅಪಾಯವಿದೆ. ಗುರುವೊಬ್ಬನು ವರದಿ ಬರೆದ ಧೈರ್ಯವನ್ನು ಹೊಗಳಿ, ವರದಿಯಲ್ಲಿ ಹೆಸರಿಲ್ಲದೆ ನಿಂತವರನ್ನು ಮರೆತರೆ ವಿಮರ್ಶೆಯೂ ಲಿಯೋನ ಉತ್ತರವನ್ನೇ ಕೊಟ್ಟಂತಾಗುತ್ತದೆ. ನೊಂದವನೇ ತೀರ್ಪು ನೀಡುವ ಮಂಟೇಸ್ವಾಮಿ ಕಾವ್ಯವನ್ನು ನಾವು ಈ ಕಾರಣಕ್ಕಾಗಿ ಮತ್ತೊಮ್ಮೆ, ಬೇರೆ ಕಿವಿಯಿಂದ ಕೇಳಬೇಕಾಗಿದೆ.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸ ಸಾಕಷ್ಟಿದೆ. ಏಕನಾಥನ ಅರ್ಜಿರೂಪದ ಭಾರುಡಗಳನ್ನು ಕನ್ನಡದ ತತ್ವಪದ ಮತ್ತು ವಚನಗಳೊಡನೆ ಹೋಲಿಸುವ ಅಧ್ಯಯನಕ್ಕೆ ಮರಾಠಿಯನ್ನೂ ಕನ್ನಡವನ್ನೂ ಬಲ್ಲವರು ಬೇಕು. ಕನ್ನಡನಾಡಿನ ಮಠ, ಮಿಷನ್, ಧರ್ಮಪ್ರಾಂತ್ಯಗಳ ಕಡತಗಳಲ್ಲಿರುವ ಅರ್ಜಿ ಮತ್ತು ಪತ್ರಗಳನ್ನು ಚರಿತ್ರೆಯ ಆಕರಗಳೆಂದು ಮಾತ್ರವಲ್ಲದೆ ಗದ್ಯದ ಮಾದರಿಗಳೆಂದೂ ಓದಬೇಕು. ಹಾಗೆ ಓದುವಾಗ ಪ್ರತಿಯೊಂದು ದೂರಿನ ಮುಂದೆಯೂ ಮೂರು ಪ್ರಶ್ನೆಗಳನ್ನು ಇಟ್ಟುಕೊಳ್ಳುವುದು ಲೇಸು: ಇದನ್ನು ಯಾರು ಕೇಳಬೇಕಾಗಿತ್ತು, ಅವರು ಏನು ಉತ್ತರ ಕೊಟ್ಟರು, ಮತ್ತು ಇದು ಯಾರ ಪರವಾಗಿ ಬರೆಯಲ್ಪಟ್ಟಿತೋ ಅವರಿಗೆ ಏನು ದೊರೆಯಿತು?